ಕ್ರೀಡಾಂಗಣದ ಬಿಸಿಲು ಮತ್ತು ಪ್ರೇಕ್ಷಕರ ರಕ್ಷಣೆ

ಬಯಲು ಕ್ರೀಡಾಂಗಣಕ್ಕೆ ಆಟ ನೋಡಲು ಬಂದವರನ್ನು ಅತಿ ಬಿಸಿಲು ಮತ್ತು ಸೆಕೆಯಿಂದ ಕಾಪಾಡಲು ಮಾಡುವ ಏರ್ಪಾಡುಗಳನ್ನು ಒಟ್ಟಾಗಿ ಪ್ರೇಕ್ಷಕರ ಶಾಖರಕ್ಷಣೆ ಎಂದು ಕರೆಯಬಹುದು. ಸ್ಟ್ಯಾಂಡಿನ ಚಾವಣಿ, ಕುಡಿಯುವ ನೀರು, ಪಂದ್ಯ ಶುರುವಾಗುವ ಹೊತ್ತು, ಗೇಟಿನ ಮುಂದಿನ ಸರದಿ, ಪ್ರಥಮ ಚಿಕಿತ್ಸೆಯ ಕೋಣೆ ಎಲ್ಲವೂ ಇದರಲ್ಲಿ ಸೇರುತ್ತವೆ. ಆಟಗಾರರ ಶಾಖರಕ್ಷಣೆ ಕಳೆದ ಕೆಲವು ದಶಕಗಳಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದಕ್ಕೆ ಅಳತೆಗಳಿವೆ, ಮಿತಿಗಳಿವೆ, ಮಿತಿ ದಾಟಿದರೆ ಆಟ ನಿಲ್ಲಿಸುವ ನಿಯಮಗಳೂ ಕೆಲವು ಆಟಗಳಲ್ಲಿವೆ. ಪ್ರೇಕ್ಷಕರ ಪಾಲಿಗೆ ಬಂದಿರುವುದು ಬಹುಮಟ್ಟಿಗೆ ಉಪದೇಶ: ಟೋಪಿ ಹಾಕಿಕೊಳ್ಳಿ, ನೀರು ಕುಡಿಯಿರಿ, ಹತ್ತಿಯ ಬಟ್ಟೆ ಉಡಿ. ಆಟಗಾರನಿಗೆ ಸಾಕಾದದ್ದು ನೋಡುಗನಿಗೂ ಸಾಕು ಎಂಬ ಊಹೆ ಇದರ ಹಿಂದಿದೆ. ಆ ಊಹೆ ತಪ್ಪು. ನೋಡುಗನ ಮೈ ಬೇರೆ, ಅವನು ಬಿಸಿಲಿನಲ್ಲಿ ಕಳೆಯುವ ಹೊತ್ತು ಬೇರೆ, ಅಲ್ಲಿಂದ ಎದ್ದು ಹೋಗಲು ಅವನಿಗಿರುವ ಸ್ವಾತಂತ್ರ್ಯವೂ ಬೇರೆ. ಆಟಗಾರನ ಗಡಿಯಾರ ಟಾಸಿನೊಂದಿಗೆ ಓಡತೊಡಗಿದರೆ ಪ್ರೇಕ್ಷಕನದು ಬಸ್ಸಿನಿಂದ ಇಳಿದ ಗಳಿಗೆಯಲ್ಲೇ ಓಡತೊಡಗುತ್ತದೆ. ಆ ಇಡೀ ದಿನವನ್ನು ಲೆಕ್ಕಕ್ಕೆ ಹಿಡಿದರೆ ದುಬಾರಿ ಯಂತ್ರಗಳಿಗಿಂತ ನೆರಳು, ನೀರು, ಹೊತ್ತು ಮತ್ತು ಓಡಾಟದ ಸ್ವಾತಂತ್ರ್ಯ ಎಂಬ ನಾಲ್ಕು ಅಗ್ಗದ ಸಂಗತಿಗಳೇ ಹೆಚ್ಚು ಜೀವ ಉಳಿಸುವಂಥವು ಎಂದು ತೋರುತ್ತದೆ.

ನೋಡುಗರ ತಲೆಗೆ ನೆರಳು ಕೊಡುವ ವಿದ್ಯೆ ಹೊಸದೇನಲ್ಲ. ಕ್ರಿ.ಶ. 80ರಲ್ಲಿ ಬಾಗಿಲು ತೆರೆದ ರೋಮಿನ ಕೊಲೋಸಿಯಂನ ನೆತ್ತಿಯ ಸುತ್ತ 240 ಕಂಬಗಳನ್ನು ನಿಲ್ಲಿಸಲು ಕಲ್ಲಿನ ಆಧಾರಗಳಿದ್ದವು. ಅವುಗಳಿಂದ ಹಗ್ಗ ಬಿಗಿದು ವೆಲೇರಿಯಂ ಎಂಬ ಬಟ್ಟೆಯ ಚಪ್ಪರವನ್ನು ಎಳೆಯುತ್ತಿದ್ದರು. ಹಾಯಿ ಕಟ್ಟಿ ಬಿಚ್ಚಿ ಪಳಗಿದವರೇ ಈ ಕೆಲಸಕ್ಕೆ ಬೇಕಾದ್ದರಿಂದ ಮಿಸೇನಂ ನೌಕಾಪಡೆಯ ನಾವಿಕರನ್ನು ಅದಕ್ಕೆ ನೇಮಿಸಿದ್ದರು. ಪೊಂಪೆಯ ಗೋಡೆಗಳ ಮೇಲೆ ಸಿಕ್ಕ ಕಾಳಗದ ಪ್ರಚಾರ ಬರಹಗಳಲ್ಲಿ ಹೋರಾಡುವವರ ಹೆಸರುಗಳ ಜೊತೆಗೆ ಅಂದು ನೆರಳಿನ ಚಪ್ಪರ ಇರುತ್ತದೆ ಎಂಬ ಒಂದು ಸಾಲೂ ಕಾಣುತ್ತದೆ. ನೆರಳು ಆಗಲೇ ಜನರನ್ನು ಸೆಳೆಯುವ ಸರಕಾಗಿತ್ತು. ಅದನ್ನು ಕಿತ್ತುಕೊಳ್ಳುವುದು ಶಿಕ್ಷೆಯೂ ಆಗಬಹುದಿತ್ತು. ಚಕ್ರವರ್ತಿ ಕ್ಯಾಲಿಗುಲಾ ಸುಡುಬಿಸಿಲಿನ ಹೊತ್ತಿಗೆ ಚಪ್ಪರ ಸರಿಸಲು ಹೇಳಿ, ಯಾರನ್ನೂ ಹೊರಗೆ ಬಿಡಬಾರದೆಂದು ಆಜ್ಞೆ ಮಾಡುತ್ತಿದ್ದ ಎಂದು ಇತಿಹಾಸಕಾರ ಸ್ಯೂಟೋನಿಯಸ್ ಬರೆದಿಟ್ಟಿದ್ದಾನೆ. ಆ ಕ್ರೌರ್ಯಕ್ಕೆ ಎರಡು ಕೈಗಳಿದ್ದವು: ಒಂದು ನೆರಳನ್ನು ತೆಗೆಯಿತು, ಇನ್ನೊಂದು ಬಾಗಿಲು ಹಾಕಿತು. ಎರಡನೆಯದರ ಸಭ್ಯ ರೂಪ ಇಂದಿನ ಟಿಕೆಟ್ಟುಗಳ ಮೇಲೂ ಉಳಿದಿದೆ, ಆ ಮಾತು ಮುಂದೆ ಬರುತ್ತದೆ. ಸ್ಪೇನಿನ ಗೂಳಿಕಾಳಗದ ಅಖಾಡಗಳಲ್ಲಿ ಬಿಸಿಲಿನ ಸೀಟು, ನೆರಳಿನ ಸೀಟು, ಅರ್ಧ ಹೊತ್ತು ಬಿಸಿಲು ಬಿದ್ದು ಆಮೇಲೆ ನೆರಳಾಗುವ ಸೀಟು ಎಂದು ಟಿಕೆಟ್ಟನ್ನೇ ಮೂರು ದರ್ಜೆಯಾಗಿ ಮಾರುತ್ತಾರೆ. ನೆರಳಿನದು ದುಬಾರಿ. ಇದರಲ್ಲಿ ಒಂದು ಪ್ರಾಮಾಣಿಕತೆಯಂತೂ ಇದೆ: ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ಗೊತ್ತಿರುತ್ತದೆ.

ಸುಮ್ಮನೆ ಕೂತವನಿಗೆ ಬಿಸಿಲಿನಿಂದ ಅಂಥದ್ದೇನಾಗುತ್ತದೆ ಎಂಬ ಪ್ರಶ್ನೆ ಸಹಜ. ಓಡುವ ಆಟಗಾರನ ಸ್ನಾಯುಗಳು ಅಪಾರ ಶಾಖ ಹುಟ್ಟಿಸುತ್ತವೆ. ಕೂತ ಮನುಷ್ಯನ ದೇಹ ಹುಟ್ಟಿಸುವುದು ಸುಮಾರು 100 ವಾಟ್, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಆದರೆ ನಡುಹಗಲಿನ ಸೂರ್ಯ ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಸುರಿಯುತ್ತಾನೆ. ಬಿಸಿಲಿಗೆ ಒಡ್ಡಿಕೊಂಡ ಮೈ ತಾನು ಹುಟ್ಟಿಸುವುದಕ್ಕಿಂತ ಹೆಚ್ಚಿನ ಶಾಖವನ್ನು ಹೊರಗಿನಿಂದ ಹೀರಿಕೊಳ್ಳಬಲ್ಲದು. ಗಾಳಿ ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಬಿಸಿಯಾದ ಮೇಲೆ ಬೆವರು ಆರುವುದೊಂದೇ ದೇಹಕ್ಕೆ ಉಳಿದ ದಾರಿ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಒಳಗಿನದೂ ಹೊರಗಿನದೂ ಸೇರಿ 300 ವಾಟ್ ಎಂದಿಟ್ಟುಕೊಂಡರೆ ಗಂಟೆಗೆ ಅರ್ಧ ಲೀಟರಿನ ಹತ್ತಿರ ಬೆವರು ಬೇಕು. ನಾಲ್ಕು ಗಂಟೆ ಕೂತವನಿಗೆ ಇದು ಎರಡು ಲೀಟರಿನ ಬಾಬತ್ತು. ಅಕ್ಕಪಕ್ಕದವರ ಮೈಗೆ ಮೈ ತಾಗುವ ಸಾಲಿನಲ್ಲಿ ಗಾಳಿ ಆಡುವುದಿಲ್ಲ, ಆದ್ದರಿಂದ ಬೆವರು ಆರದೆ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ತೊಟ್ಟಿಕ್ಕಿದ ಬೆವರು ಮೈಯ ನೀರನ್ನು ಕಳೆಯುತ್ತದೆ, ಶಾಖವನ್ನು ಕಳೆಯುವುದಿಲ್ಲ. ಇನ್ನು ಆಟಗಾರರು ಇಪ್ಪತ್ತು, ಮೂವತ್ತರ ಹರೆಯದವರು, ವೈದ್ಯರ ಕಣ್ಗಾವಲಿನಲ್ಲಿ ಇರುವವರು. ಸ್ಟ್ಯಾಂಡಿನಲ್ಲಿ ಎಂಟು ವರ್ಷದ ಹುಡುಗಿಯೂ ಎಪ್ಪತ್ತರ ಅಜ್ಜನೂ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರೂ ಹಿಂದಿನ ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬಂದವರೂ ಒಟ್ಟಿಗೆ ಕೂತಿರುತ್ತಾರೆ. ಆಟಗಾರನಿಗೆ ಬರುವುದು ಶ್ರಮದ ಶಾಖಾಘಾತ. ಇವರಿಗೆ ಬರುವುದು ಬಿಸಿಗಾಳಿಯ ದಿನಗಳಲ್ಲಿ ಮನೆಯೊಳಗಿನ ವೃದ್ಧರನ್ನು ಕೊಲ್ಲುವಂಥ, ಮೆಲ್ಲಗೆ ಏರುವ ಶಾಖಾಘಾತ. ಒಂದರ ಮಿತಿಯನ್ನು ಇನ್ನೊಂದಕ್ಕೆ ಹಚ್ಚಲಾಗದು.

ಅಳತೆಯಲ್ಲೇ ಒಂದು ಮೋಸ ಅಡಗಿದೆ. ಹವಾಮಾನ ಇಲಾಖೆ ಹೇಳುವ ಉಷ್ಣತೆ ಜಾಲರಿ ಗೋಡೆಯ ಬಿಳಿ ಪೆಟ್ಟಿಗೆಯೊಳಗೆ ಇಟ್ಟ ಉಷ್ಣಮಾಪಕದ್ದು. ಅದು ನೆರಳಿನ ಅಂಕಿ. ಬಿಸಿಲಿನಲ್ಲಿ ಕೂತವನು ಆ ಅಂಕಿಯೊಳಗೆ ಬದುಕುತ್ತಿಲ್ಲ. ಇದನ್ನು ಸರಿಪಡಿಸಲು 1950ರ ದಶಕದಲ್ಲಿ ಅಮೆರಿಕದ ಸೈನಿಕರ ತರಬೇತಿ ಶಿಬಿರಗಳಿಗಾಗಿ ವೆಟ್‌ಬಲ್ಬ್ ಗ್ಲೋಬ್ ಉಷ್ಣತೆ ಎಂಬ ಸೂಚ್ಯಂಕವನ್ನು ರೂಪಿಸಿದರು. ಇದರಲ್ಲಿ ಒದ್ದೆ ಬಟ್ಟೆ ಸುತ್ತಿದ ಬಲ್ಬಿನ ಉಷ್ಣತೆಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದ್ದಕ್ಕೆ ಎರಡು ಪಾಲು, ಸಾಮಾನ್ಯ ಗಾಳಿಯ ಉಷ್ಣತೆಗೆ ಒಂದೇ ಪಾಲು ತೂಕ. ಲೆಕ್ಕ ಹಾಕಿ ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಕಲಬುರಗಿಯಂಥ ಒಣ ಊರಿನಲ್ಲಿ ಗಾಳಿ 42, ಒದ್ದೆ ಬಲ್ಬು 22, ಕಪ್ಪು ಗೋಳ 55 ಡಿಗ್ರಿ ಇದೆಯೆನ್ನೋಣ, ಸೂಚ್ಯಂಕ 30.6 ಆಗುತ್ತದೆ. ಮಂಗಳೂರಿನಂಥ ಕರಾವಳಿಯಲ್ಲಿ ಗಾಳಿ 34 ಮಾತ್ರ, ಆದರೆ ಒದ್ದೆ ಬಲ್ಬು 28, ಗೋಳ 48 ಇದ್ದರೆ ಸೂಚ್ಯಂಕ 32.6. ಪತ್ರಿಕೆಯ ಹವಾಮಾನ ಪಟ್ಟಿಯಲ್ಲಿ ಎಂಟು ಡಿಗ್ರಿ ತಣ್ಣಗೆ ಕಾಣುವ ಊರು ಮೈಗೆ ಹೆಚ್ಚು ಅಪಾಯದ್ದು. ಈಗ ಎರಡೂ ಕಡೆ ನೆರಳು ತನ್ನಿ. ಗೋಳದ ಉಷ್ಣತೆ ಗಾಳಿಯ ಮಟ್ಟಕ್ಕೆ ಇಳಿದರೆ ಒಣ ಊರಿನ ಸೂಚ್ಯಂಕ 28ಕ್ಕೂ ಕರಾವಳಿಯದು 29.8ಕ್ಕೂ ಬರುತ್ತದೆ. ಬರಿಯ ಎರಡೂವರೆ ಮೂರು ಡಿಗ್ರಿ ಎಂದು ಮೂಗು ಮುರಿಯಬೇಕಿಲ್ಲ, ಈ ಸೂಚ್ಯಂಕದಲ್ಲಿ ಎಚ್ಚರಿಕೆಯ ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಇರುವುದೇ ಅಷ್ಟು. ಗಾಳಿಯನ್ನು ಒಂದಿಷ್ಟೂ ತಂಪು ಮಾಡದ ಒಂದು ಬಟ್ಟೆ ಇಷ್ಟನ್ನು ಮಾಡುತ್ತದೆ.

ಹಾಗಾದರೆ ನೆರಳು ಯಾರ ಮೇಲೆ ಬೀಳುತ್ತದೆ? ಇಳಿಬಿಸಿಲು ಬ್ಯಾಟರ್‌ನ ಕಣ್ಣಿಗೆ ಕುಕ್ಕಬಾರದೆಂದು ಕ್ರಿಕೆಟ್ಟಿನ ಪಿಚ್ಚನ್ನು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹಾಸುತ್ತಾರೆ. ಅದರಿಂದಾಗಿ ಮಧ್ಯಾಹ್ನದ ಮೇಲೆ ಪಶ್ಚಿಮದ ಸ್ಟ್ಯಾಂಡು ಸೂರ್ಯನಿಗೆ ಬೆನ್ನು ಮಾಡುತ್ತದೆ, ಪೂರ್ವದ ಸ್ಟ್ಯಾಂಡು ಮುಖ ಮಾಡುತ್ತದೆ. ಮೂರೂವರೆಯ ಪಂದ್ಯಕ್ಕೆ ಎರಡು ಗಂಟೆಗೇ ಬಂದು ಪೂರ್ವದಲ್ಲಿ ಕೂತವನನ್ನು ನೋಡಿ. ಹಗಲೆಲ್ಲ ಕಾದ ಸಿಮೆಂಟಿನ ಮೆಟ್ಟಿಲು ಚಪ್ಪಲಿಯ ಅಟ್ಟೆಯ ಮೂಲಕವೂ ತಾಗುತ್ತದೆ. ಬಣ್ಣ ಮಾಸಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೊದಲು ಕರವಸ್ತ್ರ ಹಾಸಿ, ಆಮೇಲೆ ದಿನಪತ್ರಿಕೆ ಹಾಸಿ, ಕೊನೆಗೆ ಅದೇ ಪತ್ರಿಕೆಯನ್ನು ತಲೆಗೆ ಹಿಡಿಯುತ್ತಾನೆ. ಎದುರಿನ ಸ್ಟ್ಯಾಂಡಿನ ಚಾವಣಿಯ ನೆರಳು ಬೌಂಡರಿಯ ಹಗ್ಗ ದಾಟಿ ಮೈದಾನದ ಹುಲ್ಲಿನ ಮೇಲೆ ಗಜಗಜವಾಗಿ ಇವನತ್ತ ತೆವಳುತ್ತದೆ, ಇವನ ಸಾಲಿಗೆ ಬಂದು ಮುಟ್ಟುವ ಹೊತ್ತಿಗೆ ಮೊದಲ ಇನಿಂಗ್ಸ್ ಮುಗಿಯುತ್ತ ಬಂದಿರುತ್ತದೆ. ಈ ನಕ್ಷೆಯನ್ನು ಮೊದಲೇ ಗುಣಿಸಿ ಕಟ್ಟಿದ ಕ್ರೀಡಾಂಗಣಗಳೂ ಇವೆ. ಮುಂಬಯಿಯ ವಾಂಖೆಡೆಯನ್ನೂ ಚೆನ್ನೈನ ಚೆಪಾಕನ್ನೂ 2011ರ ವಿಶ್ವಕಪ್ಪಿಗಾಗಿ ಹೊಸದು ಮಾಡಿದಾಗ ಹಗುರವಾದ, ಬೆಳಕು ತೂರುವ ಬಟ್ಟೆಯಂಥ ಚಾವಣಿಗಳನ್ನು ಬಿಗಿದರು. ಚೆಪಾಕಿನಲ್ಲಿ ಡೇರೆಗಳ ಹಾಗೆ ಎದ್ದ ಚಾವಣಿಗಳ ನಡುವೆ ಕಡಲಗಾಳಿ ನುಗ್ಗಲು ಸಂದುಗಳೂ ಇವೆ. ಮಯಾಮಿಯ ಹಾರ್ಡ್ ರಾಕ್ ಕ್ರೀಡಾಂಗಣಕ್ಕೆ 2016ರಲ್ಲಿ ಕೂರಿಸಿದ ದೊಡ್ಡ ಚಪ್ಪರ ಪ್ರೇಕ್ಷಕರಲ್ಲಿ ಬಹುಪಾಲು ಜನರಿಗೆ ನೆರಳು ಕೊಡುತ್ತದೆ, ತವರು ತಂಡದ ಬೆಂಚಿಗೂ ಕೊಡುತ್ತದೆ. ಎದುರಾಳಿಗಳ ಬೆಂಚು ಮಾತ್ರ ಬಿಸಿಲಿನಲ್ಲಿ ಉಳಿಯುತ್ತದೆ. ನೆರಳು ಎಲ್ಲಿ ಬೀಳಬೇಕೆಂದು ಮನಸ್ಸು ಮಾಡಿದರೆ ಎಷ್ಟು ಕರಾರುವಾಕ್ಕಾಗಿ ಬೀಳಿಸಬಹುದು ಎಂಬುದಕ್ಕೆ ಇದಕ್ಕಿಂತ ತುಂಟ ಉದಾಹರಣೆ ಸಿಗದು.

ಚಾವಣಿಯಿಂದ ಮುಂದಕ್ಕೆ ಹೋಗಿ ಗಾಳಿಯನ್ನೇ ತಂಪು ಮಾಡುವ ಹಾದಿಯಲ್ಲಿ ಮೊದಲ ದೊಡ್ಡ ಹೆಜ್ಜೆ 1965ರಲ್ಲಿ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್. ಅಲ್ಲಿನ ಸೆಕೆಗೂ ಸೊಳ್ಳೆಗೂ ಬೇಸತ್ತು ಬೇಸ್‌ಬಾಲ್ ಮೈದಾನವನ್ನೇ ಗುಮ್ಮಟದೊಳಗೆ ಇಟ್ಟು ಹವಾನಿಯಂತ್ರಣ ಹಾಕಿದರು. ಹುಲ್ಲು ಬೆಳೆಯಲೆಂದು ಚಾವಣಿಗೆ ಬೆಳಕು ತೂರುವ ಹಲಗೆಗಳಿದ್ದವು. ಆ ಪ್ರಖರತೆಯಲ್ಲಿ ಮೇಲೆದ್ದ ಚೆಂಡು ಫೀಲ್ಡರುಗಳಿಗೆ ಕಾಣದಾಯಿತು. ಹಲಗೆಗೆ ಬಣ್ಣ ಬಳಿದರು, ಹುಲ್ಲು ಸತ್ತಿತು, 1966ರಲ್ಲಿ ಕೃತಕ ಹುಲ್ಲು ಬಂತು. ಒಂದು ಪರಿಹಾರ ಇನ್ನೊಂದು ತೊಡಕನ್ನು ಹೆರುವ ಕಥೆ ಇದು. ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ 1994ರಲ್ಲಿ ತೆರೆದ ಬಯಲು ಬೇಸ್‌ಬಾಲ್ ಕ್ರೀಡಾಂಗಣವನ್ನು ತಂಡ 2019ರ ಋತುವಿನೊಂದಿಗೆ ಬಿಟ್ಟು, ಪಕ್ಕದಲ್ಲೇ ಸರಿಯುವ ಚಾವಣಿಯ ಹೊಸದಕ್ಕೆ ಹೋಯಿತು. ಬೇಸಿಗೆಯ ಧಗೆಗೆ ಜನ ಬರುತ್ತಿರಲಿಲ್ಲ ಎಂಬುದು ಮುಖ್ಯ ಕಾರಣ. ಕತಾರ್ ಇನ್ನೂ ಮುಂದೆ ಹೋಯಿತು. 2022ರ ವಿಶ್ವಕಪ್ ಫುಟ್ಬಾಲಿನ ಎಂಟು ಕ್ರೀಡಾಂಗಣಗಳಲ್ಲಿ ಏಳಕ್ಕೆ ತೆರೆದ ನೆತ್ತಿಯ ಕೆಳಗೇ ತಂಪು ಗಾಳಿ ಬಿಡುವ ವ್ಯವಸ್ಥೆಯಿತ್ತು, ಸಾಗಣೆ ಕಂಟೇನರುಗಳಿಂದ ಕಟ್ಟಿದ ಎಂಟನೆಯದಕ್ಕೆ ಇರಲಿಲ್ಲ. ತಂಪು ಗಾಳಿ ಭಾರ, ಬಟ್ಟಲಿನಂಥ ಕಟ್ಟಡದ ತಳದಲ್ಲಿ ನಿಲ್ಲುತ್ತದೆ. ಸೀಟುಗಳ ಬುಡದಿಂದ ಅದನ್ನು ಊದಿ, ಮತ್ತೆ ಹೀರಿ, ಮತ್ತೆ ತಂಪು ಮಾಡಿ ಬಿಡುವುದು ಇದರ ಉಪಾಯ. ಎಂಜಿನಿಯರಿಂಗ್ ಆಗಿ ಇದು ಮೆಚ್ಚತಕ್ಕದ್ದೇ. ಆದರೂ ಅದೇ ಕತಾರಿನ ಟೂರ್ನಿ ಜೂನ್ ಜುಲೈಯನ್ನು ಬಿಟ್ಟು ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ನಡೆಯಿತು ಎಂಬುದನ್ನು ಮರೆಯಬಾರದು. ಯಂತ್ರ ಸೀಟನ್ನು ತಂಪು ಮಾಡಬಲ್ಲದು, ಮೆಟ್ರೋ ನಿಲ್ದಾಣದಿಂದ ಗೇಟಿಗೆ ನಡೆಯುವ ರಸ್ತೆಯನ್ನು ಮಾಡಲಾರದು. ಕೊನೆಗೆ ಕೆಲಸಕ್ಕೆ ಬಂದದ್ದು ಪಂಚಾಂಗ.

ಹೊತ್ತು ಬದಲಿಸುವುದು ಎಲ್ಲಕ್ಕಿಂತ ಅಗ್ಗದ ಮದ್ದು, ಆದರೆ ಅದನ್ನು ಕೊಡುವ ಕೈ ಬೇರೆಯವರದು. 1994ರಲ್ಲಿ ಅಮೆರಿಕದಲ್ಲಿ ನಡೆದ ಫುಟ್ಬಾಲ್ ವಿಶ್ವಕಪ್ಪಿನ ಫೈನಲ್ ಜುಲೈ 17ರ ನಡುಹಗಲು ಹನ್ನೆರಡೂವರೆಗೆ ಪ್ಯಾಸಡೀನಾದ ಬಯಲು ಬಿಸಿಲಿನಲ್ಲಿ ಶುರುವಾಯಿತು. ಅದು ಯುರೋಪಿನ ಮನೆಗಳಲ್ಲಿ ರಾತ್ರಿ ಟಿವಿ ನೋಡುವ ಹೊತ್ತಾಗಿತ್ತು. ಪ್ರಸಾರದ ಹಣವಿಲ್ಲದೆ ಆಟವೇ ಇಲ್ಲ, ಟಿವಿಯ ಕೋಟಿಗಟ್ಟಲೆ ನೋಡುಗರ ಮುಂದೆ ಸ್ಟ್ಯಾಂಡಿನ ಕೆಲವು ಸಾವಿರ ಜನ ಯಾವ ಲೆಕ್ಕ ಎಂಬ ವಾದ ಇಲ್ಲಿ ಬರುತ್ತದೆ. ವಾದದಲ್ಲಿ ಹುರುಳಿದೆ. ಆದರೆ ಖಾಲಿ ಸ್ಟ್ಯಾಂಡಿನ ಪಂದ್ಯ ಟಿವಿಯಲ್ಲೂ ಸಪ್ಪೆ ಎಂಬುದನ್ನು ಕೋವಿಡ್ ಕಾಲ ಎಲ್ಲರಿಗೂ ತೋರಿಸಿಕೊಟ್ಟಿದೆ, ಪ್ರಸಾರಕರು ದಾಖಲಿತ ಕೂಗಾಟವನ್ನು ಬೆರೆಸಿ ತೋರಿಸಬೇಕಾಯಿತು. ಸ್ಟ್ಯಾಂಡಿನ ಜನ ಪ್ರಸಾರದ ಸರಕಿನ ಒಂದು ಭಾಗವೇ ಆದ್ದರಿಂದ ಅವರ ಸುರಕ್ಷೆಯನ್ನು ಪ್ರಸಾರದ ಖರ್ಚಿನೊಳಗೆ ಸೇರಿಸುವುದು ನ್ಯಾಯ. ಹೊತ್ತಿನ ವಿಚಾರದಲ್ಲಿ ನಮ್ಮ ನಾಡಿಗೆ ಪಾಠ ಹೇಳಿಸಿಕೊಳ್ಳುವ ಅಗತ್ಯ ಕಡಿಮೆ. ಬೇಸಿಗೆಯಲ್ಲಿ ಕಲಬುರಗಿ ಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಇದೆ. ಊರಿನ ಯುವಕ ಸಂಘಗಳು ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ನಡೆಸುತ್ತ ಬಂದದ್ದಕ್ಕೆ ಬಿಸಿಲು ತಪ್ಪಿಸಿಕೊಳ್ಳುವುದೂ ಒಂದು ಕಾರಣ. ಕಡತ ನೋಡುವವನಿಗೆ ಸಲ್ಲುವ ಸಮಯದ ರಿಯಾಯಿತಿ ಮಧ್ಯಾಹ್ನ ಮೂರೂವರೆಯ ಐಪಿಎಲ್ ಪಂದ್ಯಕ್ಕೆ ಬಂದವನಿಗೆ ಸಲ್ಲುವುದಿಲ್ಲ.

ರಾತ್ರಿಯನ್ನೂ ಪೂರ್ತಿ ನಂಬುವಂತಿಲ್ಲ. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸಿನ ಮಹಿಳಾ ಮ್ಯಾರಥಾನನ್ನು ನಡುರಾತ್ರಿಗೆ ಇಟ್ಟರೂ ಓಟ ಶುರು ಮಾಡಿದ 68 ಮಂದಿಯಲ್ಲಿ 28 ಮಂದಿ ಮುಗಿಸಲಾಗಲಿಲ್ಲ, ಸೂರ್ಯ ಹೋಗಿದ್ದ, ತೇವ ಹೋಗಿರಲಿಲ್ಲ. 2024ರ ಮೇ 21ರಂದು ಅಹಮದಾಬಾದಿನಲ್ಲಿ ಐಪಿಎಲ್ಲಿನ ಕ್ವಾಲಿಫೈಯರ್ ನಡೆದದ್ದು ಸಂಜೆ ಏಳೂವರೆಗೆ. ಅದಕ್ಕೆ ಬಂದಿದ್ದ ನಟ ಶಾರುಖ್ ಖಾನ್ ಮಾರನೆಯ ದಿನ ಶಾಖಾಘಾತದಿಂದ ಆಸ್ಪತ್ರೆ ಸೇರಿದರು ಎಂದು ಪೊಲೀಸರು ತಿಳಿಸಿದ್ದರು. ಅತಿಗಣ್ಯರ ಆಸನ, ಕಾರು, ಸಹಾಯಕರು ಎಲ್ಲ ಇದ್ದವರ ಪಾಡು ಇದಾದರೆ ಎರಡು ಬಸ್ಸು ಹಿಡಿದು ಬಂದವರ ಪಾಡನ್ನು ಊಹಿಸಿಕೊಳ್ಳಬಹುದು. ಇಳಿಹೊತ್ತಿನ ಪಂದ್ಯ ಅಪಾಯವನ್ನು ತಗ್ಗಿಸುತ್ತದೆ, ಹಗಲಿಡೀ ಶಾಖ ಕುಡಿದ ಕಾಂಕ್ರೀಟು ಅದರಲ್ಲಿ ಸ್ವಲ್ಪವನ್ನು ರಾತ್ರಿ ಹಿಂದಕ್ಕೆ ಕೊಡುತ್ತದೆ.

ನೀರಿನ ವಿಷಯಕ್ಕೆ ಬಂದರೆ ಭಾರತದ ಕ್ರೀಡಾಂಗಣಗಳ ಗೇಟಿನಲ್ಲಿ ಬಾಟಲಿ ಕಸಿದುಕೊಳ್ಳುವುದು ಮಾಮೂಲು. ಇದಕ್ಕೆ ಕಾರಣವೂ ಇದೆ. 1996ರ ಮಾರ್ಚ್ 13ರಂದು ಈಡನ್ ಗಾರ್ಡನ್ಸಿನ ವಿಶ್ವಕಪ್ ಸೆಮಿಫೈನಲಿನಲ್ಲಿ ಭಾರತ ಸೋಲುವ ಸ್ಥಿತಿಗೆ ಬಂದಾಗ ಜನ ಬಾಟಲಿ ತೂರಿ, ಸ್ಟ್ಯಾಂಡಿಗೆ ಬೆಂಕಿ ಹಚ್ಚಿ, ಪಂದ್ಯವನ್ನು ಶ್ರೀಲಂಕಾಕ್ಕೆ ಬಿಟ್ಟುಕೊಡಬೇಕಾಯಿತು. 2015ರ ಅಕ್ಟೋಬರಿನಲ್ಲಿ ಕಟಕ್‌ನ ಟಿ20 ಪಂದ್ಯದಲ್ಲೂ ಬಾಟಲಿಗಳು ಹಾರಿದವು. ಭದ್ರತೆಯವರ ಭಯ ಕಲ್ಪನೆಯದ್ದಲ್ಲ. ಆದರೆ ಬಾಟಲಿ ಬೇಡ ಎಂಬುದರಿಂದ ನೀರು ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಗೇಟಿನಲ್ಲಿ ಕಿತ್ತುಕೊಂಡವರ ಮೇಲೆ ಒಳಗೆ ಕೊಡುವ ಹೊಣೆ ಬೀಳುತ್ತದೆ, ಅದೂ ಬೆಲೆಯಿಲ್ಲದೆ. 2023ರ ನವೆಂಬರ್ 17ರಂದು ರಿಯೊ ಡಿ ಜನೈರೊದ ನಿಲ್ಟನ್ ಸ್ಯಾಂಟೋಸ್ ಕ್ರೀಡಾಂಗಣದಲ್ಲಿ ಟೇಲರ್ ಸ್ವಿಫ್ಟ್ ಗಾಯನಕ್ಕೆ ಬಂದಿದ್ದ 23ರ ಯುವತಿಯೊಬ್ಬಳು ಶಾಖದಿಂದ ಸತ್ತಳು, ಒಳಗೆ ನೀರು ತರಲು ಬಿಡಲಿಲ್ಲವೆಂದು ಜನ ದೂರಿದರು. ಬ್ರೆಜಿಲ್ ಸರ್ಕಾರ ಕೂಡಲೇ ಆದೇಶ ಹೊರಡಿಸಿ, ಇಂಥ ಕೂಟಗಳಿಗೆ ಸ್ವಂತ ನೀರಿನ ಬಾಟಲಿ ತರಲು ಅನುಮತಿಯನ್ನೂ ಉಚಿತ ಕುಡಿಯುವ ನೀರನ್ನೂ ಕಡ್ಡಾಯ ಮಾಡಿತು. ಅದಕ್ಕೆ ಒಂದೂವರೆ ತಿಂಗಳ ಹಿಂದೆ, 2023ರ ಏಕದಿನ ವಿಶ್ವಕಪ್ಪಿನಲ್ಲಿ ಭಾರತದ ಕ್ರಿಕೆಟ್ ಮಂಡಳಿ ಎಲ್ಲ ಕ್ರೀಡಾಂಗಣಗಳಲ್ಲೂ ಪ್ರೇಕ್ಷಕರಿಗೆ ಉಚಿತ ನೀರು ಎಂದು ಸಾರಿತ್ತು. ಟೂರ್ನಿಗೊಮ್ಮೆ ತೋರುವ ಔದಾರ್ಯ ನಿಯಮದ ಜಾಗದಲ್ಲಿ ನಿಲ್ಲಲಾರದು.

ಲೆಕ್ಕವೂ ಭಾರಿಯಾದದ್ದೇನಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗಾತ್ರದಲ್ಲಿ 35,000 ಜನರಿಗೆ ತಲೆಗೆ ಒಂದು ಲೀಟರಿನಂತೆ ಹಿಡಿದರೂ ಆರು ಸಾವಿರ ಲೀಟರಿನ ಆರು ಟ್ಯಾಂಕರ್ ಸಾಕು. 2024ರ ಬೇಸಿಗೆಯಲ್ಲಿ ನಗರ ನೀರಿಗೆ ಪರದಾಡುತ್ತಿದ್ದಾಗ ಇದೇ ಮೈದಾನದ ಹುಲ್ಲಿಗೆ ಜಲಮಂಡಳಿ ಒದಗಿಸಲು ಒಪ್ಪಿದ ಸಂಸ್ಕರಿಸಿದ ನೀರು ಸುಮಾರು 75,000 ಲೀಟರ್. ಆ ನೀರು ಕುಡಿಯುವಂಥದ್ದಲ್ಲ, ಹೋಲಿಕೆ ಪ್ರಮಾಣದ್ದಷ್ಟೇ: ಒಂದು ಮೈದಾನದ ಹುಲ್ಲಿನ ಬಾಯಾರಿಕೆ ಅದನ್ನು ಸುತ್ತುವರಿದು ಕೂತವರ ಬಾಯಾರಿಕೆಯ ಎರಡರಷ್ಟು. ನಿಜವಾದ ಕಷ್ಟ ಇರುವುದು ಹಂಚುವುದರಲ್ಲಿ. ಸ್ಟ್ಯಾಂಡಿನ ಕೆಳಗೆ ಮೂಲೆಯಲ್ಲಿ ಎರಡು ನಲ್ಲಿ ಇಟ್ಟರೆ ಓವರುಗಳ ನಡುವಿನ ಬಿಡುವಿನಲ್ಲಿ ನೂರು ಜನ ಮುಗಿಬೀಳುತ್ತಾರೆ, ಸರದಿ ನೋಡಿದವನು ಬಾಯಾರಿಕೆಯನ್ನು ನುಂಗಿಕೊಂಡು ವಾಪಸು ಬರುತ್ತಾನೆ. ಶೌಚಾಲಯಕ್ಕೆ ಹೋಗುವ ಕಷ್ಟ ನೆನೆದು ನೀರೇ ಕುಡಿಯದೆ ಕೂರುವ ಹೆಂಗಸರ ಸಂಗತಿಯನ್ನು ಯಾವ ಯೋಜನೆಯೂ ಎಣಿಸುವುದಿಲ್ಲ. ಜಾತ್ರೆಯ ದಾರಿಯಲ್ಲಿ ಅರವಟ್ಟಿಗೆ ಇಟ್ಟು ಮಡಕೆಯಲ್ಲಿ ನೀರು, ಮಜ್ಜಿಗೆ, ಪಾನಕ ಹಂಚುವವರು ಈ ತೊಡಕನ್ನು ಎಂದೋ ಬಿಡಿಸಿದ್ದರು. ನೀರನ್ನು ಒಂದೆಡೆ ರಾಶಿ ಹಾಕದೆ ಜನ ನಡೆಯುವ ದಾರಿಯುದ್ದಕ್ಕೂ ಚದುರಿಸಿದ್ದರು. ಕಾಗದದ ಲೋಟದಲ್ಲಿ ಸಾಲಿನಿಂದ ಸಾಲಿಗೆ ನೀರು ಹಂಚುವ ಹುಡುಗರನ್ನು ನೇಮಿಸಿದರೆ ಬಾಟಲಿಯ ಭಯವೂ ಇರುವುದಿಲ್ಲ. ನೀರಿನ ತುಂತುರು ಚಿಮುಕಿಸುವ ಫ್ಯಾನುಗಳ ಬಗ್ಗೆ ಒಂದು ಮಾತು: ಒಣ ಹವೆಯಲ್ಲಿ ಅವು ಹಿತ, ಕರಾವಳಿಯ ಸೆಕೆಯಲ್ಲಿ ಬೆವರಿನ ಮೇಲೆ ಇನ್ನಷ್ಟು ತೇವ ಸುರಿಯುತ್ತವೆ.

ಸೀಟಿನ ಆಚೆ ಇರುವ ಹೊತ್ತಿನಲ್ಲೇ ಅನಾಹುತಗಳು ಹೆಚ್ಚು ಕೂಡಿಕೊಳ್ಳುತ್ತವೆ ಎಂಬುದಕ್ಕೆ ಕ್ರೀಡೆಯ ಹೊರಗಿನ ಎರಡು ಭಾರತೀಯ ಘಟನೆಗಳು ಸಾಕ್ಷಿ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನ ಪ್ರಶಸ್ತಿ ಸಮಾರಂಭಕ್ಕೆ ಬಂದವರಲ್ಲಿ 14 ಜನ ಶಾಖಾಘಾತದಿಂದ ಸತ್ತರು. ನೆರೆದ ಲಕ್ಷಾಂತರ ಜನರ ತಲೆಯ ಮೇಲೆ ಚಪ್ಪರವಿರಲಿಲ್ಲ. ಅಂದಿನ ಗರಿಷ್ಠ ಉಷ್ಣತೆ 38 ಡಿಗ್ರಿಯ ಆಸುಪಾಸು, ರಾಯಚೂರಿನವರು ಹುಬ್ಬೇರಿಸುವಂಥ ಅಂಕಿಯೂ ಅಲ್ಲ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಹೋದವರಲ್ಲಿ ಐವರು ಸತ್ತರು. ಪ್ರದರ್ಶನ ಮುಗಿದದ್ದು ನಡುಹಗಲು ಒಂದು ಗಂಟೆಗೆ, ಆಮೇಲೆ ರಸ್ತೆ ಮತ್ತು ರೈಲು ನಿಲ್ದಾಣಗಳಲ್ಲಿ ಜನ ಗಂಟೆಗಟ್ಟಲೆ ಸಿಕ್ಕಿಬಿದ್ದರು. 2025ರ ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಹೊರಗೆ 11 ಜನರನ್ನು ಬಲಿ ತೆಗೆದುಕೊಂಡ ಕಾಲ್ತುಳಿತಕ್ಕೂ ಶಾಖಕ್ಕೂ ಸಂಬಂಧವಿಲ್ಲ, ಆದರೆ ಜಾಗ ಅದೇ: ಗೇಟಿನ ಹೊರಗಣ ರಸ್ತೆ, ಯಾರ ಹೊಣೆಯೂ ಸ್ಪಷ್ಟವಿಲ್ಲದ ಪಟ್ಟಿ. ಗೇಟನ್ನು ಬೇಗ ತೆರೆದು ಜನರನ್ನು ಸ್ಟ್ಯಾಂಡಿನ ಕೆಳಗಣ ನೆರಳಿನ ಪಡಸಾಲೆಗೆ ಬಿಟ್ಟುಕೊಳ್ಳುವುದು ಎರಡೂ ಅಪಾಯಗಳಿಗೆ ಒಂದೇ ಮದ್ದು. ಇನ್ನು ಒಮ್ಮೆ ಹೊರಗೆ ಹೋದರೆ ಮರುಪ್ರವೇಶವಿಲ್ಲ ಎಂಬ ಟಿಕೆಟ್ಟಿನ ಷರತ್ತು. ಸಾವಿರಾರು ರೂಪಾಯಿ ಕೊಟ್ಟವನು ತಲೆ ಸುತ್ತಿದರೂ ಏಳುವುದಿಲ್ಲ, ಇನ್ನೊಂದು ಓವರ್ ನೋಡೋಣ ಎನ್ನುತ್ತಾನೆ. ಕ್ಯಾಲಿಗುಲಾನ ಕಾವಲುಗಾರರ ಕೆಲಸವನ್ನು ಇಲ್ಲಿ ಅವನ ಟಿಕೆಟ್ಟಿನ ದುಡ್ಡೇ ಮಾಡುತ್ತದೆ. ಕಾಳಸಂತೆಯನ್ನು ತಡೆಯಲು ಈ ಷರತ್ತು ಬೇಕೆನ್ನುತ್ತಾರೆ. ಕೈಗೆ ಮುದ್ರೆ ಒತ್ತಿಯೋ ಟಿಕೆಟ್ಟಿನ ಸಂಕೇತವನ್ನು ಎರಡನೆಯ ಸಲ ಸ್ಕ್ಯಾನ್ ಮಾಡಿಯೋ ಅದನ್ನು ತಡೆಯಬಹುದು.

ಯಾರೂ ಕೈಹಿಡಿದು ಎಳೆತರಲಿಲ್ಲ, ತಾವಾಗಿ ಬಂದವರು ತಮ್ಮ ಜೋಪಾನ ತಾವು ನೋಡಿಕೊಳ್ಳಲಿ ಎಂಬುದು ಬಹಳ ಸಲ ಕೇಳಿಬರುವ ಆಕ್ಷೇಪ. ಬಿಸಿಲಿನ ನಾಡಿನವರಿಗೆ ಬಿಸಿಲು ಹೊಸದೇ ಎಂಬುದು ಅದರ ಬೆನ್ನಿಗೆ ಬರುವ ಮಾತು. ಒಗ್ಗಿಕೊಳ್ಳುವುದು ನಿಜ: ಒಂದೆರಡು ವಾರ ಬಿಸಿಲಿನಲ್ಲಿ ದುಡಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆಯುತ್ತದೆ. ಆದರೆ ಅದು ಹೊಲದಲ್ಲಿ ದುಡಿಯುವವನ ಗಳಿಕೆ. ಹವಾನಿಯಂತ್ರಿತ ಕಚೇರಿಯಿಂದ ಎದ್ದು ಬಂದವನಿಗೆ ಊರಿನ ಹೆಸರು ಅದನ್ನು ಕೊಡುವುದಿಲ್ಲ. ಬಿಸಿಲಿಗೆ ಹೆಸರಾದ ಆಸ್ಟ್ರೇಲಿಯದಲ್ಲೇ 2014ರ ಜನವರಿಯಲ್ಲಿ ಮೆಲ್ಬರ್ನ್ ನಾಲ್ಕು ದಿನ ಸತತವಾಗಿ 41 ಡಿಗ್ರಿ ದಾಟಿದಾಗ ಆಸ್ಟ್ರೇಲಿಯನ್ ಓಪನ್ ಟೆನಿಸ್ ನೋಡಲು ಬಂದವರಲ್ಲಿ ನೂರಾರು ಜನರಿಗೆ ಶಾಖದ ಬಳಲಿಕೆಗೆ ಚಿಕಿತ್ಸೆ ಕೊಡಬೇಕಾಯಿತು. ಇನ್ನು ಸ್ವಂತ ಇಚ್ಛೆಯ ಮಾತು. ಆಯ್ಕೆ ಮಾಡಲು ತಿಳಿವಳಿಕೆ ಬೇಕು. ಟಿಕೆಟ್ಟು ಕೊಳ್ಳುವ ಪರದೆಯ ಮೇಲೆ ಸ್ಟ್ಯಾಂಡು, ಸಾಲು, ಸೀಟಿನ ಸಂಖ್ಯೆ ಎಲ್ಲ ಇರುತ್ತದೆ, ಆ ಸೀಟಿಗೆ ಎಷ್ಟು ಗಂಟೆಯವರೆಗೆ ಬಿಸಿಲು ಬೀಳುತ್ತದೆ ಎಂಬುದು ಇರುವುದಿಲ್ಲ. ಸೂರ್ಯನ ದಾರಿ ನಿಮಿಷದ ಮಟ್ಟಿಗೆ ಗೊತ್ತಿರುವ ಸಂಗತಿ, ಇದನ್ನು ಅಚ್ಚು ಹಾಕಲು ಯಾವ ಸಂಶೋಧನೆಯೂ ಬೇಡ. ನೀರು ಕಿತ್ತುಕೊಂಡು, ಮರುಪ್ರವೇಶ ತಡೆದು, ಬಿಸಿಲಿನ ಸೀಟನ್ನು ಹೇಳದೆ ಮಾರಿದ ಮೇಲೆ ಉಳಿಯುವ ಸ್ವಇಚ್ಛೆ ಬಹಳ ತೆಳುವಾದದ್ದು.

ಇಷ್ಟೆಲ್ಲ ಮಾಡಿದರೂ ಕೆಲವರು ಕುಸಿದು ಬೀಳುತ್ತಾರೆ. ಆಗ ಮೊದಲ ಅರ್ಧ ಗಂಟೆ ನಿರ್ಣಾಯಕ. ಬಳಲಿಕೆಯ ಹಂತದಲ್ಲಿ ತಲೆಸುತ್ತು, ವಾಕರಿಕೆ, ವಿಪರೀತ ಬೆವರು ಇರುತ್ತವೆ, ನೆರಳಿಗೆ ಒಯ್ದು ಓಆರ್‌ಎಸ್ ಕುಡಿಸಿದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟಿ ಬುದ್ಧಿ ಮಂಕಾದರೆ ಅದು ಶಾಖಾಘಾತ. ತೊದಲು ಮಾತು, ತೂರಾಡುವ ನಡಿಗೆ, ವಿನಾಕಾರಣ ಸಿಡುಕು ಅದರ ಗುರುತುಗಳು. ಸ್ಟ್ಯಾಂಡಿನ ಭದ್ರತಾ ಸಿಬ್ಬಂದಿಗೆ ಇವೆಲ್ಲ ಕುಡಿತದ ಗುರುತುಗಳಾಗಿಯೇ ಪರಿಚಯ, ಹೀಗಾಗಿ ಚಿಕಿತ್ಸೆ ಬೇಕಾದವನು ಗದರಿಸಿಕೊಳ್ಳುತ್ತಾನೆ. ಇಂಥವರನ್ನು ಆಂಬುಲೆನ್ಸಿಗೆ ಹತ್ತಿಸುವ ಮುಂಚೆಯೇ ತಂಪು ಮಾಡತೊಡಗಬೇಕು: ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸು ಇಟ್ಟು. ತಂಪು ಪಾನೀಯ ಮಾರುವವರ ಬಳಿ ಐಸು ಹೇಗೂ ಇರುತ್ತದೆ, ಅದನ್ನು ಕೇಳಿ ಪಡೆಯಬಹುದು ಎಂಬ ತರಬೇತಿಯೊಂದೇ ಕೆಲವೆಡೆ ಸಾಕಾಗಬಹುದು. ಹಾಗೆ ಐಸಿನ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿ ಇಳಿಯುವ ಹುಡುಗ, ಮೈದಾನಕ್ಕೆ ಬೆನ್ನು ಮಾಡಿ ನಾಲ್ಕು ಗಂಟೆ ನಿಲ್ಲುವ ಪೊಲೀಸ್ ಪೇದೆ, ಇವರ ಸೀಟಿಗೆ ಸಂಖ್ಯೆಯೇ ಇಲ್ಲ.

ಆಟಗಾರರಿಗಾಗಿ ಆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎದ್ದು ಕಾಣುತ್ತದೆ. 2014ರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಸೂಚ್ಯಂಕ 32 ದಾಟಿದರೆ ನೀರಿನ ಬಿಡುವು ಎಂಬ ನಿಯಮವಿತ್ತು. 2026ರ ಪಂದ್ಯಗಳಿಗೆ ಫಿಫಾ ಹವೆ ಹೇಗೇ ಇರಲಿ ಪ್ರತಿ ಅರ್ಧದಲ್ಲೂ ಮೂರು ನಿಮಿಷದ ಬಿಡುವನ್ನು ಪ್ರಕಟಿಸಿತು. ಆಸ್ಟ್ರೇಲಿಯನ್ ಓಪನ್ 2019ರಿಂದ ಗಾಳಿಯ ಉಷ್ಣತೆ, ಬಿಸಿಲಿನ ವಿಕಿರಣ, ತೇವಾಂಶ, ಗಾಳಿಯ ವೇಗ ನಾಲ್ಕನ್ನೂ ಸೇರಿಸಿ ಐದು ಹಂತಗಳ ಮಾಪಕ ಬಳಸುತ್ತದೆ, ಐದಕ್ಕೆ ಮುಟ್ಟಿದರೆ ಆಟ ನಿಲ್ಲುತ್ತದೆ. ಕಾರ್ಮಿಕರ ಸಾವುಗಳಿಗಾಗಿ ಜಗತ್ತಿನ ಟೀಕೆಗೆ ಗುರಿಯಾದ ಕತಾರ್ 2021ರಲ್ಲಿ ಸೂಚ್ಯಂಕ 32.1 ದಾಟಿದರೆ ಹೊರಾಂಗಣದ ದುಡಿಮೆ ನಿಲ್ಲಬೇಕೆಂದು ಕಾನೂನು ಮಾಡಿತು. ಹೀಗೆ ಆಡುವವನಿಗೆ ಒಂದು ಸಂಖ್ಯೆಯಿದೆ, ಕಟ್ಟುವವನಿಗೆ ಒಂದು ಸಂಖ್ಯೆಯಿದೆ. ನೋಡುವವನಿಗೂ ಒಂದು ಸಂಖ್ಯೆ ಬೇಕಾದರೆ ಮೊದಲು ಎಣಿಕೆ ಬೇಕು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ 1,344 ಹೆಚ್ಚುವರಿ ಸಾವುಗಳಾಗಿದ್ದವು ಎಂದು ತಿಳಿದದ್ದು ಹಿಂದಿನ ವರ್ಷಗಳ ಸಾವಿನ ದಾಖಲೆಯೊಡನೆ ತಾಳೆ ನೋಡಿದಾಗ. ಆ ಊರು 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾಯೋಜನೆಯನ್ನು ಜಾರಿಗೆ ತರಲು ಆ ಲೆಕ್ಕವೇ ಆಧಾರವಾಯಿತು. ಕ್ರೀಡಾಂಗಣದಲ್ಲಿ ಎಣಿಕೆ ಇನ್ನೂ ಸುಲಭ. ಗೇಟಿನ ಸ್ಕ್ಯಾನರಿನಲ್ಲಿ ಎಷ್ಟು ಜನ ಎಷ್ಟು ಗಂಟೆಗೆ ಒಳಬಂದರೆಂಬ ಲೆಕ್ಕವಿದೆ, ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಂದು ರಿಜಿಸ್ಟರ್ ಇದೆ. ಆ ರಿಜಿಸ್ಟರಿನಲ್ಲಿ ಹೆಸರು ಮತ್ತು ತಲೆಸುತ್ತು ಎಂಬ ಒಂದು ಪದದ ಜೊತೆಗೆ ಸ್ಟ್ಯಾಂಡು, ಸಾಲು, ಹೊತ್ತು, ಆ ಹೊತ್ತಿನ ಸೂಚ್ಯಂಕ ಎಂಬ ನಾಲ್ಕು ಕಾಲಂ ಎಳೆದರೆ ಒಂದು ಋತು ಮುಗಿಯುವಷ್ಟರಲ್ಲಿ ಯಾವ ಸ್ಟ್ಯಾಂಡಿಗೆ ಮೊದಲು ಚಪ್ಪರ ಬೇಕೆಂಬುದು ತಿಳಿಯುತ್ತದೆ. ಮೈದಾನದೊಳಗೆ ಎಸೆದ ಪ್ರತಿ ಚೆಂಡಿನ ವೇಗ, ತಿರುವು, ಬಿದ್ದ ಜಾಗವನ್ನು ಬರೆದಿಡುವ ಜನ ಆ ಕಟ್ಟಡದಲ್ಲಿ ಅಂದು ಹೇಗೂ ಇರುತ್ತಾರೆ.